ಮೂರ್ಛೆಯಲ್ಲಿ ಕೈಬಾಯಿ ತಾವಾಗಿ ಆಡುವಾಗ ಪಕ್ಕದಲ್ಲಿರುವವರು ಮಾಡಬೇಕಾದದ್ದು

ಮೊರದಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದ ಹೆಂಗಸೊಬ್ಬರು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ ಎತ್ತಲೋ ದಿಟ್ಟಿಸುತ್ತಾರೆ. ತುಟಿ ಏನನ್ನೋ ಚಪ್ಪರಿಸತೊಡಗುತ್ತದೆ. ಮೊರ ಮಡಿಲಿನಿಂದ ಜಾರಿಬಿದ್ದ ಮೇಲೂ ಬಲಗೈಯ ಬೆರಳುಗಳು ಸೆರಗಿನ ಮೇಲೆ ಇಲ್ಲದ ಕಲ್ಲನ್ನು ಹೆಕ್ಕುತ್ತಲೇ ಇರುತ್ತವೆ. ಹೆಸರು ಹಿಡಿದು ಕೂಗಿದರೂ ಓಗೊಡುವುದಿಲ್ಲ. ನೆಲಕ್ಕೆ ಬಿದ್ದು ಕೈಕಾಲು ಬಡಿದರೆ ಮಾತ್ರ ಫಿಟ್ಸ್ ಎಂದು ತಿಳಿದವರು ಇದನ್ನು ಗಾಳಿ ಸೋಂಕು ಎನ್ನುತ್ತಾರೆ, ಬೀದಿಯಲ್ಲಾದರೆ ಕುಡಿತವೆಂದು ತಿಳಿಯುತ್ತಾರೆ. ಮಿದುಳಿನ ಒಂದು ಭಾಗದಲ್ಲಿ, ಹೆಚ್ಚಾಗಿ ಕಿವಿಯ ನೇರಕ್ಕಿರುವ ಟೆಂಪೊರಲ್ ಹಾಲೆಯಲ್ಲಿ, ವಿದ್ಯುತ್ ಚಟುವಟಿಕೆ ಹದತಪ್ಪಿ ಎಚ್ಚರ ಮಸುಕಾದಾಗ ಕಾಣುವ ಈ ತಂತಾನೆ ನಡೆಯುವ ವರ್ತನೆಯನ್ನು ವೈದ್ಯರು ಆಟೊಮ್ಯಾಟಿಸಂ ಎನ್ನುತ್ತಾರೆ.

ಇದು ಎಷ್ಟರಮಟ್ಟಿಗೆ ಬೇಕೆಂದೇ ಮಾಡಿದಂತೆ ಕಾಣಬಹುದೆಂಬುದಕ್ಕೆ ಲಂಡನ್ನಿನ ನರರೋಗ ತಜ್ಞ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ 1888ರಲ್ಲಿ ಪ್ರಕಟಿಸಿದ ಪ್ರಕರಣವೇ ಸಾಕ್ಷಿ. ಅವರ ರೋಗಿ ಸ್ವತಃ ವೈದ್ಯ. ಒಬ್ಬರ ಎದೆ ಪರೀಕ್ಷಿಸಲು ಹೊರಟಾಗ ಮೂರ್ಛೆ ಬಂತು, ತಿಳಿವು ಮರಳಿದಾಗ ಎಡ ಶ್ವಾಸಕೋಶದ ಬುಡದಲ್ಲಿ ನ್ಯುಮೋನಿಯ ಎಂದು ತಾವೇ ಬರೆದಿಟ್ಟಿದ್ದರು. ಬರೆದದ್ದು ನೆನಪಿರಲಿಲ್ಲ, ಮತ್ತೆ ಪರೀಕ್ಷಿಸಿದಾಗ ಅದು ಸರಿಯಾಗಿಯೇ ಇತ್ತು. ಆದ್ದರಿಂದ ‘ನಡೆದಾಡುತ್ತಿದ್ದಾರಲ್ಲ, ಎಚ್ಚರವಿದ್ದೇ ಇದೆ’ ಎಂಬ ತೀರ್ಮಾನಕ್ಕೆ ಬರಬೇಡಿ.

ಮೊದಲು ಗಡಿಯಾರ ನೋಡಿ. ಇಂಥ ಮೂರ್ಛೆ ಸಾಮಾನ್ಯವಾಗಿ ಅರ್ಧ ನಿಮಿಷದಿಂದ ಎರಡು ನಿಮಿಷದೊಳಗೆ ಮುಗಿಯುತ್ತದೆ. ಆ ಹೊತ್ತಿನಲ್ಲಿ ತೋಳು ಹಿಡಿದು ಅಲುಗಿಸಬೇಡಿ, ಕೈಗಳನ್ನು ಬಿಗಿಯಾಗಿ ಅದುಮಬೇಡಿ. ಹೊಡೆದರು, ತಳ್ಳಿದರು ಎಂದು ಆಮೇಲೆ ಕೇಳಿಬರುವ ದೂರುಗಳಲ್ಲಿ ಬಹುಪಾಲು ಹೀಗೆ ಹಿಡಿದದ್ದಕ್ಕೆ ಮೈ ಒಡ್ಡಿದ ಪ್ರತಿರೋಧವೇ ಹೊರತು ಸಿಟ್ಟಲ್ಲ. ಒಲೆ ಆರಿಸಿ, ಕತ್ತಿ, ಈಳಿಗೆಮಣೆ, ಬಿಸಿಪಾತ್ರೆ ಸರಿಸಿ. ಎದ್ದು ನಡೆದರೆ ಬಾವಿ, ಮೆಟ್ಟಿಲು, ರಸ್ತೆಯ ಕಡೆಗೆ ನೀವು ಅಡ್ಡ ನಿಂತು, ಬೆನ್ನ ಮೇಲೆ ಹಗುರವಾಗಿ ಕೈಯಿಟ್ಟು ಬೇರೆ ಕಡೆ ತಿರುಗಿಸಿ. ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು ಬೇಡ. ಪೂರ್ತಿ ತಿಳಿವು ಬರುವ ತನಕ ನೀರನ್ನಾಗಲಿ ಮಾತ್ರೆಯನ್ನಾಗಲಿ ಬಾಯಿಗೆ ಹಾಕಲೇಬೇಡಿ. ಮೈ ಸೆಟೆದು ಬಿದ್ದರೆ ಸೆಳೆತ ನಿಲ್ಲುತ್ತಿದ್ದಂತೆ ಪಕ್ಕಕ್ಕೆ ಹೊರಳಿಸಿ. ಐದು ನಿಮಿಷ ದಾಟಿದರೆ, ಒಂದರ ಹಿಂದೆ ಒಂದು ಬಂದರೆ, ಉಸಿರು ಕಷ್ಟವಾದರೆ, ಅಥವಾ ಇದೇ ಮೊದಲ ಸಲವಾದರೆ 108ಕ್ಕೆ ಕರೆ ಮಾಡಿ. ವೈದ್ಯರು ಮುಂಚೆಯೇ ಮಿಡಜೋಲಂ ಮೂಗಿನ ಸ್ಪ್ರೇ ಬರೆದುಕೊಟ್ಟಿದ್ದರೆ ಅವರು ಹೇಳಿದಂತೆ ಬಳಸಿ.

ಇನ್ನೊಬ್ಬರು ಜೊತೆಗಿದ್ದರೆ ಮೊಬೈಲಿನಲ್ಲಿ ವಿಡಿಯೊ ತೆಗೆಯಲು ಹೇಳಿ, ಮುಖದ ಜೊತೆಗೆ ಎರಡೂ ಕೈ ಕಾಣುವಂತಿರಲಿ. ಇದು ಮುಜುಗರದ ಕೆಲಸವೆಂದು ಹಿಂಜರಿಯುವವರು ಬಹಳ. ಆದರೆ ಸ್ಕ್ಯಾನ್ ಹೇಳದ್ದನ್ನು ಕೆಲವೊಮ್ಮೆ ಈ ಒಂದು ನಿಮಿಷದ ವಿಡಿಯೊ ಹೇಳುತ್ತದೆ. ಒಂದು ಕೈ ಬಟ್ಟೆ ಹಿಸುಕುತ್ತಿದ್ದು ಇನ್ನೊಂದು ಸೆಟೆದು ತಿರುಚಿಕೊಂಡಿದ್ದರೆ, ಮೂರ್ಛೆ ಹೆಚ್ಚಾಗಿ ಆಡುವ ಕೈಯ ಕಡೆಯ ಮಿದುಳಿನಲ್ಲೇ ಹುಟ್ಟಿರುತ್ತದೆ. ಮುಗಿದ ಕೂಡಲೇ ಮೂಗು ಒರೆಸಿಕೊಳ್ಳುವ ಕೈಯೂ ಅನೇಕ ವೇಳೆ ಅದೇ ಕಡೆಯದು. ನಡುವೆ ‘ಮಾವಿನಹಣ್ಣು’ ಎಂಬಂಥ ಒಂದು ಪದವನ್ನು ಸ್ಪಷ್ಟವಾಗಿ ಹೇಳಿ, ಅವರು ಸುಧಾರಿಸಿಕೊಂಡ ಮೇಲೆ ಯಾವ ಪದ ಹೇಳಿದೆನೆಂದು ಕೇಳಿ. ಎಚ್ಚರ ಎಷ್ಟಿತ್ತೆಂಬುದು ಅದರಿಂದ ತಿಳಿಯುತ್ತದೆ.

ಮುಗಿದ ಮೇಲೆ ಕೆಲವು ನಿಮಿಷ ಗೊಂದಲವಿರುತ್ತದೆ. ಸುತ್ತ ನೆರೆದವರನ್ನು ಕಳಿಸಿ, ಪಕ್ಕದಲ್ಲಿ ಕುಳಿತು ‘ಮನೆಯಲ್ಲೇ ಇದ್ದೀರಿ, ಈಗ ಹತ್ತು ಗಂಟೆ, ನಾನು ಜೊತೆಗಿದ್ದೇನೆ’ ಎಂದು ಮೆಲ್ಲಗೆ ಹೇಳಿ. ಹೊಟ್ಟೆಯಿಂದ ಏನೋ ಮೇಲೇರಿದಂತೆ, ಹಿಂದೆ ಇದೆಲ್ಲ ನಡೆದಿತ್ತೆಂಬಂತೆ, ಯಾವುದೋ ವಾಸನೆ ಬಂದಂತೆ ಮುಂಚೆ ಅನಿಸಿತ್ತೇ ಎಂದು ಅಂದೇ ಕೇಳಿ ಬರೆದಿಡಿ. ಅದರ ಕೆಳಗೆ ದಿನಾಂಕ, ಹೊತ್ತು, ಹಿಂದಿನ ರಾತ್ರಿಯ ನಿದ್ದೆ, ತಪ್ಪಿಹೋದ ಮಾತ್ರೆ ಇವೂ ಇರಲಿ.