ಬೆರಳಷ್ಟು ಅಂತರ, ಎರಡು ದಿನದ ಪರದಾಟ

ಕೈಯಿಂದ ಗೇರ್ ಬದಲಿಸುವ ನನ್ನ ಪಿಕಪ್‌ನ ಎಂಜಿನ್ ಸೀಜ್ ಆಗಿ ಕಚ್ಚಿಕೊಂಡಾಗ ಅದೇ ಮಾದರಿಯ ಡೀಸೆಲ್ ಎಂಜಿನ್ ಸಿಕ್ಕಿದ್ದು ಅಪಘಾತದಲ್ಲಿ ನುಜ್ಜುಗುಜ್ಜಾಗಿದ್ದ ಆಟೊಮ್ಯಾಟಿಕ್ ಗಾಡಿಯೊಂದರಿಂದ. ಪೀಣ್ಯದ ಗ್ಯಾರೇಜಿನಲ್ಲಿ ಅದರ ಫ್ಲೆಕ್ಸ್‌ಪ್ಲೇಟ್ ಬಿಚ್ಚಿ, ಆ ಜಾಗಕ್ಕೆ ನನ್ನ ಹಳೆಯ ಫ್ಲೈವೀಲ್ (ಕ್ಲಚ್ ಕೂರುವ ಭಾರದ ಚಕ್ರ) ಕೂರಿಸಿದೆವು. ಬೋಲ್ಟುಗಳನ್ನು ಮಾತ್ರ ಹಳೆಯ ಎಂಜಿನ್ನಿನ ಅಳತೆಗೇ ಹೊಸದಾಗಿ ತಂದೆ. ಫ್ಲೆಕ್ಸ್‌ಪ್ಲೇಟ್ ಎಂದರೆ ತೆಳು ತಗಡು. ಅದರ ಗಿಡ್ಡ ಬೋಲ್ಟು ದಪ್ಪ ಫ್ಲೈವೀಲಿಗೆ ಸಾಲದು.

ಗೇರ್‌ಬಾಕ್ಸನ್ನು ಎಂಜಿನ್ನಿಗೆ ಜೋಡಿಸಲು ಎಷ್ಟು ತಳ್ಳಿದರೂ ಅದು ಬೆರಳಷ್ಟು ಅಂತರ ಬಿಟ್ಟು ನಿಂತಿತು. ಕ್ಲಚ್ ಪ್ಲೇಟ್ ನಡುವಿಗೆ ಕೂತಿಲ್ಲವೆಂದುಕೊಂಡು ಮೂರು ಬಾರಿ ಬಿಚ್ಚಿ ಜೋಡಿಸಿದೆವು. ‘ಬೋಲ್ಟು ಬಿಗಿದರೆ ತಾನೇ ಒಳಗೆ ಹೋಗುತ್ತದೆ ಸಾರ್’ ಎಂದ ಹುಡುಗನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡೆ. ಹಾಗೆ ಎಳೆದಿದ್ದರೆ ಗೇರ್‌ಬಾಕ್ಸಿನ ಅಲ್ಯುಮಿನಿಯಂ ಕವಚ ಸೀಳುತ್ತಿತ್ತು. ಕೊನೆಗೆ ಎಲ್ಲವನ್ನೂ ಇಳಿಸಿ, ಟಾರ್ಚ್ ಹಿಡಿದು ಎಂಜಿನ್ನಿನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್‌ನ ತುದಿ ನೋಡಿದಾಗ ಗುಟ್ಟು ಬಯಲಾಯಿತು: ಆಟೊಮ್ಯಾಟಿಕ್ ಗಾಡಿಯಲ್ಲಿ ಕ್ಲಚ್ಚಿನ ಬದಲಿಗಿರುವ ಟಾರ್ಕ್ ಕನ್ವರ್ಟರ್‌ನ ಮೂತಿ ಕೂರುವ ಉಕ್ಕಿನ ಬುಷ್ ಅಲ್ಲೇ ಉಳಿದಿತ್ತು! ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಅದಕ್ಕೇ ಬಡಿಯುತ್ತಿತ್ತು. ಪುಲ್ಲರ್ ಹಾಕಿ ಅದನ್ನು ತೆಗೆದು, ಜೆ.ಸಿ. ರಸ್ತೆಯಿಂದ ಆ ಶಾಫ್ಟ್‌ನ ತುದಿಗೆ ಆಸರೆಯಾಗುವ ಪೈಲಟ್ ಬೇರಿಂಗ್ ತಂದು ಕೂರಿಸಿದೆ. ಆಮೇಲೆ ಗೇರ್‌ಬಾಕ್ಸ್ ಕೈಯಲ್ಲಿ ತಳ್ಳಿದ್ದಕ್ಕೇ ಸರಕ್ಕನೆ ಒಳಗೆ ಹೋಯಿತು. ಬೇರಿಂಗಿನ ಬೆಲೆಗಿಂತ ಆ ಎರಡು ದಿನ ಎಲ್ಲರಿಗೂ ಕೊಡಿಸಿದ ಚಹಾದ ಲೆಕ್ಕವೇ ದೊಡ್ಡದು.

ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ವೈರಿಂಗ್ ಎರಡನ್ನೂ ಪಿಕಪ್‌ನವೇ ಉಳಿಸಿಕೊಂಡೆ. ಇಲ್ಲದ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಹುಡುಕುವ ಇಸಿಯು ಯಾರಿಗೆ ಬೇಕು? ಬಂದ ಎಂಜಿನ್ನಿನ ಇಂಜೆಕ್ಟರ್‌ಗಳ (ಡೀಸೆಲ್ ಸಿಂಪಡಿಸುವ ನಳಿಕೆಗಳ) ಮೇಲಿದ್ದ ಕೋಡ್‌ಗಳನ್ನು ಸ್ಕ್ಯಾನರ್‌ನಿಂದ ಪಿಕಪ್‌ನ ಇಸಿಯುಗೆ ತುಂಬಿಸಿದೆ. ಎಂಜಿನ್ ಸಂಖ್ಯೆ ಬದಲಾಗಿರುವುದರಿಂದ ಆರ್‌ಸಿಯಲ್ಲೂ ತಿದ್ದುಪಡಿ ಆಗಬೇಕು. ಸೋಮವಾರ ಕಾಗದಪತ್ರ ಹಿಡಿದು ಆರ್‌ಟಿಒ ಕಚೇರಿಯ ಸಾಲಿನಲ್ಲಿ ನಿಲ್ಲಲಿದ್ದೇನೆ.