ಹೆಜ್ಜೆಯನ್ನಲ್ಲ, ಬಡಿತವನ್ನೇ ತೋರಿಸುವ ಕೈಪಟ್ಟಿ: ನನ್ನ ಅನುಭವ

ಓಡುವಾಗ ಚರ್ಮಕ್ಕೆ ಬೆಳಕು ಬಿಟ್ಟು ಬಡಿತ ಅಳೆಯುವ ಸೆನ್ಸರ್ ಸರಿಯಾದ ಹಾರ್ಟ್ ರೇಟ್ ಕೊಡುವುದಿಲ್ಲ, ಮಂಗಳೂರಿನ ಸೆಕೆಗಂತೂ ಆಗದ ಮಾತು, ಸುಮ್ಮನೆ ಎದೆಗೆ ಕಟ್ಟಿ ಬಡಿತ ಅಳೆಯುವ ಎದೆಪಟ್ಟಿ ಕೊಂಡುಬಿಡಿ ಎಂದವರೇ ಹೆಚ್ಚು. ಮಣಿಕಟ್ಟಿನ ಮಟ್ಟಿಗೆ ಅವರು ಹೇಳಿದ್ದು ಸರಿ. ಆದರೆ ಮೊಣಕೈಯಿಂದ ಮೂರು ಬೆರಳು ಕೆಳಗೆ ಕಟ್ಟಿದ, ನಾನೇ ಜೋಡಿಸಿದ ಪಟ್ಟಿ, ಮಂಗಳಾ ಸ್ಟೇಡಿಯಂನ ಹತ್ತು ಸುತ್ತಿನಲ್ಲಿ, ಎರವಲು ತಂದ ಎದೆಪಟ್ಟಿಗಿಂತ ಎರಡು ಮೂರು ಬಡಿತ ಮಾತ್ರ ಆಚೀಚೆ ಇತ್ತು.

ಮೊದಲು ದುಡ್ಡು ಹೋದದ್ದು ಹೃದಯದ ವಿದ್ಯುತ್ ಸಂಕೇತ ಹಿಡಿಯುವ ಎಡಿ8232 ಇಸಿಜಿ ಬೋರ್ಡಿಗೆ, ಹತ್ತಿರ ಹತ್ತಿರ 700 ರೂಪಾಯಿ. ಬೆವರಿಗೆ ಜೆಲ್ ಪ್ಯಾಡ್ ಎರಡನೇ ಕಿಲೋಮೀಟರಿಗೇ ಏಳುತ್ತದೆ, ಒಂದು ಓಟಕ್ಕೆ ಮೂರು ಪ್ಯಾಡ್ ಕಸದ ಬುಟ್ಟಿಗೆ. ಆಮೇಲೆ ಬೆಳಕಿನ ಸೆನ್ಸರ್ ಮ್ಯಾಕ್ಸ್30102. ಅದರಲ್ಲಿರುವುದು ಕೆಂಪು ಮತ್ತು ಇನ್‌ಫ್ರಾರೆಡ್ ಮಾತ್ರ. ಕೂತಾಗ ಚಿನ್ನ, ಓಡಿದರೆ ಸಂಖ್ಯೆ 170ಕ್ಕೆ ಅಂಟಿಕೊಳ್ಳುತ್ತದೆ. ಅದು ಬಡಿತವಲ್ಲ, ನಿಮಿಷಕ್ಕೆ ಬೀಳುವ ಹೆಜ್ಜೆ. ಹಸಿರು ಎಲ್‌ಇಡಿ ಇರುವ ಮ್ಯಾಕ್ಸ್30101ಕ್ಕೆ ಬದಲಿಸಿದ ಮೇಲೇ ದಾರಿ ಕಂಡದ್ದು. ಕೆಲವು ಅಗ್ಗದ ಬೋರ್ಡುಗಳಲ್ಲಿ ಪುಲ್-ಅಪ್ ರೆಸಿಸ್ಟರುಗಳು (ಸಂಕೇತದ ತಂತಿಗಳನ್ನು ಮೇಲಿನ ವೋಲ್ಟೇಜಿಗೆ ಎಳೆದಿಡುವವು) 1.8 ವೋಲ್ಟಿಗೆ ಹೋಗಿರುತ್ತವೆ, ಲೆಕ್ಕ ಮಾಡುವ ಪುಟ್ಟ ಕಂಪ್ಯೂಟರ್ ಚಿಪ್ ಇಎಸ್‌ಪಿ32ಗೆ ಸೆನ್ಸರ್ ಕಾಣುವುದೇ ಇಲ್ಲ. ಅವನ್ನು ಕಿತ್ತು, ಹೊರಗಿನಿಂದ 4.7 ಕಿಲೋ ಓಮ್‌ನ ಎರಡನ್ನು 3.3 ವೋಲ್ಟಿಗೆ ಸೋಲ್ಡರ್ ಮಾಡಿ. ಇದು ಗೊತ್ತಾಗುವ ಮೊದಲು ಎರಡು ಒಳ್ಳೆಯ ಬೋರ್ಡುಗಳನ್ನು ಹಾಳೆಂದು ಎಸೆದಾಗಿತ್ತು.

ಬೆವರಿನಿಂದ ಉಳಿಸಲು ಇಡೀ ಸೆನ್ಸರಿನ ಮೇಲೆ ಪಾರದರ್ಶಕ ಎಪಾಕ್ಸಿ ಸುರಿದದ್ದು ದೊಡ್ಡ ತಪ್ಪು. ಎಲ್‌ಇಡಿಯ ಬೆಳಕು ಚರ್ಮಕ್ಕೆ ಹೋಗದೆ ಎಪಾಕ್ಸಿಯೊಳಗೇ ಅಡ್ಡ ಹರಿದು ಡಿಟೆಕ್ಟರ್ ತುಂಬಿಹೋಗುತ್ತದೆ. ಸೆನ್ಸರಿನ ಬೆಳಕಿನ ಕಿಟಕಿಯನ್ನು ಬಿಟ್ಟು ಸುತ್ತಲಿನ ಸೋಲ್ಡರಿಗೆ ಮಾತ್ರ ಹಚ್ಚಬೇಕು. ವಿನೆಗರ್ ವಾಸನೆಯ ಸಿಲಿಕೋನ್ ಬೇಡವೇ ಬೇಡ, ತಾಮ್ರಕ್ಕೆ ಕಿಲುಬು ಹಿಡಿಸುತ್ತದೆ. ಕಿಟಕಿಯ ಸುತ್ತ 2 ಮಿಲಿಮೀಟರ್ ಕಪ್ಪು ಫೋಮ್, ಅದರ ನಡುವೆ ಸೆನ್ಸರ್ ಕೂದಲೆಳೆಯಷ್ಟು ಮುಂದೆ. ಒಂದೂವರೆ ಇಂಚಿನ ಇಲಾಸ್ಟಿಕ್ ಸಾಕು. ಬಿಚ್ಚಿದ ಮೇಲೆ ಚರ್ಮದಲ್ಲಿ ಫೋಮಿನ ಗುರುತು ಐದು ನಿಮಿಷ ಇರಬೇಕು; ಅರ್ಧ ಗಂಟೆ ಇದ್ದರೆ ಬಿಗಿ ಹೆಚ್ಚಾಯಿತು, ರಕ್ತವೇ ಬಾರದಿದ್ದರೆ ಬಡಿತ ಎಲ್ಲಿಂದ ಬರಬೇಕು ಮಾರಾಯ್ರೆ? ನನ್ನ ಪ್ರಕಾರ ಮುಕ್ಕಾಲು ಪಾಲು ಕೆಲಸ ಈ ಪಟ್ಟಿಯದ್ದೇ, ಕೋಡಿನದ್ದಲ್ಲ.

ಉಳಿದ ಕಾಲು ಪಾಲಿಗೆ ಕೈಯ ಚಲನೆ ಅಳೆಯುವ ಸೆನ್ಸರ್ ಎಂಪಿಯು6050. ಸೆಕೆಂಡಿಗೆ 50 ಸ್ಯಾಂಪಲ್, 8 ಸೆಕೆಂಡಿನ ತುಂಡು, ಸೊನ್ನೆ ತುಂಬಿಸಿ 2048 ಮಾಡಿ ಎಫ್‌ಎಫ್‌ಟಿ, ಅಂದರೆ ಯಾವ ಲಯ ಎಷ್ಟು ಬಲವಾಗಿದೆ ಎಂದು ಬಿಡಿಸುವ ಲೆಕ್ಕ. ಚಲನೆಯ ಶಿಖರ ಎಲ್ಲಿದೆಯೋ ಅದರಿಂದ ನಿಮಿಷಕ್ಕೆ ಐದು ಬಡಿತ ಆಚೀಚೆ ಇರುವ ಬೆಳಕಿನ ಶಿಖರವನ್ನು ನಂಬದೆ ಮುಂದಿನದನ್ನು ಹಿಡಿಯುವುದು. ನಿಜವಾದ ಬಡಿತವೂ ಹೆಜ್ಜೆಯೂ ಒಂದೇ ಸಂಖ್ಯೆಗೆ ಬಂದು ಕೂತಾಗ ಏನು ಮಾಡುವುದೆಂದು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಎರಡು ಮಳೆಗಾಲ ಹೋಗಿದೆ.

ಹುಲಿವೇಷದ ಕೈಗೂ ಕಟ್ಟಿ ನೋಡಿದ್ದಾಯಿತು. ಬಣ್ಣದ ಮೇಲೆ ಏನೂ ಬರುವುದಿಲ್ಲ, ಬಳಿಯುವ ಮೊದಲೇ ಎರಡು ಇಂಚು ಚರ್ಮ ಬಿಡಿಸಿಕೊಳ್ಳಬೇಕು. ಬಿಡಿಸಿದರೂ ತಾಸೆ ವಾದ್ಯದ ತಾಳಕ್ಕೆ ಕುಣಿಯುವವರ ಹೆಜ್ಜೆಗೆ ಓಟದ ಹಾಗೆ ಒಂದೇ ಲಯ ಇಲ್ಲ. ಚಲನೆ ಹರಡಿ ಬಡಿತವನ್ನೇ ಮುಚ್ಚುತ್ತದೆ. ಅದು ಇನ್ನೂ ಬಾಕಿ.

ಚಾರ್ಜಿಂಗಿಗೆ ಟಿಪಿ4056 ಬೋರ್ಡು ತಂದ ಹಾಗೆಯೇ ಹಾಕಿದರೆ 1 ಆಂಪಿಯರ್ ತಳ್ಳುತ್ತದೆ, 400 ಎಂಎಎಚ್ ಬ್ಯಾಟರಿ ಉಬ್ಬಿ ಹೋಗುತ್ತದೆ, ಬೋರ್ಡಿನ 1.2 ಕಿಲೋ ಓಮ್ ರೆಸಿಸ್ಟರ್ ತೆಗೆದು 5 ಕಿಲೋ ಓಮ್‌ನದ್ದು ಹಾಕಿದರೆ 250 ಮಿಲಿಆಂಪಿಯರ್. ಓಎಲ್‌ಇಡಿ ಪಣಂಬೂರು ಕಡಲತೀರದ ಬಿಸಿಲಿಗೆ ಮಂಕು, ಅದಕ್ಕೇ ಗ್ರಾಫ್ ಎಲ್ಲ ತೆಗೆದು ಪರದೆ ತುಂಬ ಒಂದೇ ಸಂಖ್ಯೆ. ಈಗಿನ ಒಂದು ಪಟ್ಟಿಗೆ 1,700ರ ಆಸುಪಾಸು. ಕಲಿಯಲು ಸುಟ್ಟದ್ದು 5,000 ದಾಟಿದೆ. ಥಟ್ಟನೆ ಸ್ಪ್ರಿಂಟ್ ಹೊಡೆದರೆ ಸಂಖ್ಯೆ ಎಂಟು ಹತ್ತು ಸೆಕೆಂಡ್ ಹಿಂದೆ ಬೀಳುತ್ತದೆ, ಮುಷ್ಟಿ ಬಿಗಿದರೆ ಸಂಖ್ಯೆಯೇ ಇಲ್ಲ.