ನ್ಯಾಕ್‌ಗೆ ನಾವು ತಯಾರಾದದ್ದು ಹೀಗೆ

ಡೊಂಬಿವಲಿ ಕಡೆಯ ಒಂದು ಕಾಲೇಜಿನಲ್ಲಿ ನಾನು ಕಾಮರ್ಸ್ ಪಾಠ ಮಾಡುತ್ತೇನೆ. ಮುಂಬೈ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು. ಹಿಂದಿನ ಸಲ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆದು ಗ್ರೇಡ್ ಕೊಡುವ ಸಂಸ್ಥೆ) ಬಂದಾಗ ಐಕ್ಯೂಎಸಿ, ಅಂದರೆ ಕಾಲೇಜಿನೊಳಗಿನ ಗುಣಮಟ್ಟ ಘಟಕದ ಕೋ-ಆರ್ಡಿನೇಟರ್ ಕೆಲಸ ನನ್ನ ಪಾಲಿಗೆ ಬಂತು. ಊರಿಂದ ಅಕ್ಕ ಫೋನ್ ಮಾಡಿ, "ಇನ್‌ಸ್ಪೆಕ್ಷನ್ ತಾನೇ? ಸುಣ್ಣಬಣ್ಣ ಹೊಡೆಸಿದ್ರೆ ಆಯ್ತಲ್ವಾ?" ಅಂದಳು. ಹಾಗಲ್ಲ. ಪರಿಶೀಲನೆಗೆ ನ್ಯಾಕ್ ತಂಡ ಬರುವ ಹೊತ್ತಿಗೆ ಅಂಕದ ದೊಡ್ಡ ಪಾಲು ತೀರ್ಮಾನವಾಗಿಬಿಟ್ಟಿರುತ್ತಿತ್ತು.

ನ್ಯಾಕ್ ಶುರುವಾದದ್ದು 1994ರಲ್ಲಿ, ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲೇ. ನಾವು ಹೋದದ್ದು 2017ರಲ್ಲಿ ಬಂದ ಪದ್ಧತಿಯಲ್ಲಿ. ಏಳು ಮಾನದಂಡ, 1000 ಅಂಕ. ನಮ್ಮಂಥ ಕಾಲೇಜಿಗೆ ಪಾಠ, ಕಲಿಕೆ, ಪರೀಕ್ಷೆಗೇ 350. ಸುಮಾರು ಶೇ. 70 ಭಾಗ ಬರೀ ಅಂಕಿಸಂಖ್ಯೆ. ಐದು ವರ್ಷದ ಲೆಕ್ಕ ಕೊಡಬೇಕಿತ್ತು, ಪ್ರತಿಯೊಂದಕ್ಕೂ ದಾಖಲೆ ಲಗತ್ತಿಸಬೇಕಿತ್ತು. ಅದನ್ನು ತಂಡ ಬರುವ ಮುಂಚೆ ಆನ್‌ಲೈನ್‌ನಲ್ಲೇ ತಾಳೆ ನೋಡುತ್ತಿದ್ದರು. ಅದೇ ಡಿವಿವಿ. (ಗ್ರೇಡ್ ಬಿಟ್ಟು, ಮಾನ್ಯತೆ ಇದೆ ಅಥವಾ ಇಲ್ಲ ಎಂಬ ಪದ್ಧತಿ ತರುವುದಾಗಿ 2024ರಲ್ಲಿ ಘೋಷಣೆಯಾಯಿತು. ಆದರೂ ದಾಖಲೆಯ ಕೆಲಸ ತಪ್ಪುವುದಿಲ್ಲ.)

ನಮಗೆ ಪೆಟ್ಟು ಬಿದ್ದದ್ದು ಡಿವಿವಿಯಲ್ಲೇ. ಕೆಲಸ ಸಿಕ್ಕ ಮಕ್ಕಳ ಪಟ್ಟಿ ಉದ್ದವಾಗಿತ್ತು. ನೇಮಕಾತಿ ಪತ್ರ ಎಲ್ಲಿ ಎಂದು ಕೇಳಿದರು. ನಮ್ಮ ಮಕ್ಕಳು ಸೇರುವುದು ಅಂಗಡಿಗೆ, ಸಿಎ ಆಫೀಸಿಗೆ. ಅಲ್ಲಿ ಪತ್ರ ಕೊಡುವವರು ಯಾರು? ಸಂಖ್ಯೆ ಕೆಳಗಿಳಿಯಿತು. ಈಗ ಮಗು ಕೆಲಸಕ್ಕೆ ಸೇರಿದ ವಾರವೇ ವಾಟ್ಸಾಪ್‌ನಲ್ಲಿ ಕೇಳುತ್ತೇವೆ: ಪತ್ರ ಇದ್ದರೆ ಅದರ ಫೋಟೋ, ಇಲ್ಲದಿದ್ದರೆ ಮಾಲೀಕರಿಂದ ಎರಡು ಸಾಲು, ಸಹಿ, ಸೀಲು.

ಹಳೆಯ ಎರಡು ವರ್ಷದ ಸಭೆಗಳ ನಡಾವಳಿಯೂ ಇರಲಿಲ್ಲ. ಈಗ ಕೂತು ಬರೆದುಬಿಡೋಣ ಎಂದರು ಕೆಲವರು. ನಾನು ಒಪ್ಪಲಿಲ್ಲ. ನಡೆಯದ ಸಭೆಗೆ ಸಹಿ ಹಾಕಿಸಿ, ಮರುದಿನ ಮಕ್ಕಳಿಗೆ ಆಡಿಟಿಂಗ್ ಪಾಠ ಹೇಗೆ ಮಾಡಲಿ? ಇದ್ದಷ್ಟನ್ನೇ ಕೊಟ್ಟೆವು. ಅಂಕ ಹೋಯಿತು. ಹೋಗಲಿ ಎಂದೇ ನನಗೆ ಇವತ್ತಿಗೂ ಅನ್ನಿಸುತ್ತದೆ.

ಇನ್ನೊಂದು, ವಿದ್ಯಾರ್ಥಿಗಳ ಸಮೀಕ್ಷೆ. ನಾವು ಕೊಟ್ಟ ಮೇಲ್ ಐಡಿಗಳಿಗೆ ನ್ಯಾಕ್‌ನವರೇ ನೇರವಾಗಿ ಪ್ರಶ್ನೆ ಕಳಿಸುತ್ತಿದ್ದರು. ಪಟ್ಟಿ ಕಳಿಸುವ ಮುಂಚೆ ನಮ್ಮ ಹೆಡ್ ಕ್ಲರ್ಕ್, ಕುಂದಾಪುರದವರು, ನನ್ನನ್ನು ಕರೆದರು. "ಮೇಡಂ, ಇಲ್ಲ್ ಕಾಣಿ. ಒಂದೇ ಮೇಲ್ ಎಷ್ಟ್ ಸಲ ಬಂದಿತ್!" ನೋಡಿದರೆ ಅದು ಸ್ಟೇಷನ್ ಹತ್ತಿರದ ಸೈಬರ್ ಕೆಫೆಯದು. ಅಡ್ಮಿಷನ್ ಫಾರಂ ತುಂಬಿಸಿದ್ದು ಅಲ್ಲಿ, ಮೇಲ್ ಹಾಕಿದ್ದೂ ಅವರದ್ದೇ. ಎರಡು ವಾರ ಕ್ಲಾಸಿಂದ ಕ್ಲಾಸಿಗೆ ಹೋಗಿ, ಪ್ರತಿ ಮಗುವಿನ ಸ್ವಂತ ಐಡಿ ಬರೆದುಕೊಂಡೆವು. ಉತ್ತರ ಹೇಳಿಕೊಡಲಿಲ್ಲ.

ಅದಕ್ಕೆ ಮೊದಲು ನಾವೇ ಒಂದು ಸಮೀಕ್ಷೆ ಮಾಡಿದ್ದೆವು, ಹೆಸರು ಬರೆಯದೆ. ಒಂದು ಹುಡುಗಿ ಬರೆದಿದ್ದಳು: "ನಮ್ಮ ಕ್ಲಾಸು ಏಳರಿಂದ ಹನ್ನೊಂದು. ಲೈಬ್ರರಿ ಪುಸ್ತಕ ಕೊಡುವುದು ಹನ್ನೊಂದೂವರೆಗೆ. ಅಷ್ಟೊತ್ತಿಗೆ ನಾನು ಕೆಲಸಕ್ಕೆ ಹೊರಟಿರುತ್ತೇನೆ." ಎಷ್ಟು ವರ್ಷದಿಂದ ಹೀಗಿತ್ತೋ! ಮುಂದಿನ ಸೋಮವಾರದಿಂದ ಕೌಂಟರ್ ಬೆಳಿಗ್ಗೆ ಆರೂಮುಕ್ಕಾಲಿಗೆ ತೆರೆಯಿತು. ನಮ್ಮ ಇಡೀ ತಯಾರಿಯಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ಇದು.

ತಂಡ ಎರಡು ದಿನ ಇತ್ತು. ಎಲ್ಲರೂ ಬೇರೆ ರಾಜ್ಯದವರು. ಅವರಲ್ಲೊಬ್ಬರು ಮೆಂಟರ್ ಡೈರಿ (ತಮ್ಮ ಪಾಲಿನ ಮಕ್ಕಳ ಬಗ್ಗೆ ಮೇಷ್ಟ್ರು ಬರೆದಿಡುವ ಪುಸ್ತಕ) ತೆಗೆದು ಮಧ್ಯದ ಒಂದು ಪುಟ ತೋರಿಸಿದರು. ಮರಾಠಿಯಲ್ಲಿತ್ತು, ಓದಿ ಹೇಳಿದೆ: "ಟಿಟ್ವಾಳಾದಿಂದ ಬರುತ್ತಾಳೆ. ಲೋಕಲ್ ತಪ್ಪಿದರೆ ಮೊದಲ ಪೀರಿಯಡ್ ಹೋಗುತ್ತದೆ. ತಾಯಿಗೆ ಹುಷಾರಿಲ್ಲ. ಮುಂದಿನ ವಾರ ಮತ್ತೆ ಕೇಳಬೇಕು." ಕೆಳಗೆ ಬೇರೆ ಶಾಯಿಯಲ್ಲಿ: "ಕೇಳಿದೆ. ಬರುತ್ತಿದ್ದಾಳೆ."

"ಈಗ ಎಲ್ಲಿದ್ದಾಳೆ ಈ ಹುಡುಗಿ?" ಎಂದು ಕೇಳಿದರು ಅವರು.

ಡೈರಿ ಬರೆದ ಮೇಷ್ಟ್ರು ಅಲ್ಲೇ ನಿಂತಿದ್ದರು. "ಎರಡನೇ ಮಹಡಿಯಲ್ಲಿದ್ದಾಳೆ ಸರ್, ಕಾಸ್ಟ್ ಅಕೌಂಟಿಂಗ್ ಕ್ಲಾಸು ನಡೀತಿದೆ" ಎಂದರು. ಪ್ರಶ್ನೆ ಕೇಳಿದವರು ಡೈರಿ ಕೈಯಲ್ಲೇ ಹಿಡಿದುಕೊಂಡು ಮೆಟ್ಟಿಲು ಹತ್ತಿದರು.